ರೇಷ್ಮೆ ಸೀರೆಯ ಅಂಚು, ಬುಟ್ಟಾ, ಬಣ್ಣ: ಇವುಗಳಿಗೆ ನಿಜವಾಗಿ ಏನಾದರೂ ಅರ್ಥ ಇದೆಯಾ?

ಸೆರಗಿನಂಚು

ಎಲ್ಲರಿಗೂ ನಮಸ್ಕಾರ. ರೇಷ್ಮೆ ಸೀರೆಯ ಚಿತ್ತಾರಗಳ ಅರ್ಥ ಹುಡುಕಲು ಹೊರಟರೆ ಎಲ್ಲ ಕಡೆ ಒಂದೇ ಪಟ್ಟಿ ಸಿಗುತ್ತದೆ. ನವಿಲು ಅಂದರೆ ಸೌಂದರ್ಯ. ಆನೆ ಅಂದರೆ ಐಶ್ವರ್ಯ. ಮಾವಿನಕಾಯಿ ಅಂದರೆ ಸಂತಾನ. ಕೆಂಪು ಮಂಗಳ, ಹಸಿರು ಸಮೃದ್ಧಿ, ಕಪ್ಪು ಅಶುಭ. ಅಂಗಡಿಯಲ್ಲಿ ಸೀರೆ ಬಿಚ್ಚಿ ಹಾಸುವವರೂ ಇದನ್ನೇ ಒಪ್ಪಿಸುತ್ತಾರೆ.

ನನಗೆ ಇದರಿಂದ ಸಮಾಧಾನ ಆಗಲಿಲ್ಲ. ನನ್ನ ಹತ್ತಿರ ಅಜ್ಜಿಯಿಂದ ಬಂದ ಕೆಲವು ಸೀರೆಗಳಿವೆ. ಅರಗಿನ ಬಣ್ಣದ ಒಂದು ಕಂಚಿ, ಅದರ ಅಂಚಿನಲ್ಲಿ ಉದ್ದುದ್ದ ಮೊನೆಯ ಗೋಪುರ. ಒಂದು ಇಳಕಲ್. ಒಂದು ಮೈಸೂರು ಸಿಲ್ಕ್, ಅದರಲ್ಲಿ ಚಿತ್ತಾರವೇ ಇಲ್ಲ, ಬರೀ ಜರಿ ಅಂಚು. ಆ ಪಟ್ಟಿಯ ಪ್ರಕಾರ ಮೈಸೂರು ಸಿಲ್ಕ್‌ಗೆ ಅರ್ಥವೇ ಇಲ್ಲ ಅಂತಾಯಿತು, ಅಲ್ವಾ? ಅಕ್ಕನ ಮಗಳ ಮದುವೆ ಹತ್ತಿರ ಬಂದಿದೆ. ಹುಡುಗನ ಮನೆಯವರು ಗದಗ ಕಡೆಯವರು. "ಚಿಕ್ಕಮ್ಮಾ, ಯಾವುದನ್ನು ಯಾವಾಗ ಉಡಬೇಕು, ಯಾಕೆ ಅಂತ ಹೇಳು" ಎಂದು ಅವಳು ಕೇಳುತ್ತಿದ್ದಾಳೆ. ಬಾಯಿಗೆ ಬಂದದ್ದನ್ನು ಹೇಳಲು ನನಗೆ ಇಷ್ಟವಿಲ್ಲ. ತಿಳಿದವರು ದಯವಿಟ್ಟು ಬರೆಯಿರಿ.

ಮಗ್ಗದಮನೆ

ನಮ್ಮದು ಮೊಳಕಾಲ್ಮೂರು ಕಡೆಯ ನೇಕಾರರ ಮನೆ. ನಿಮ್ಮ ಕಂಚಿ ಸೀರೆಯಿಂದಲೇ ಶುರು ಮಾಡುತ್ತೇನೆ.

ಮಗ್ಗದಲ್ಲಿ ಕೂತವರು ಚಿತ್ತಾರಕ್ಕೆ ಅರ್ಥ ಹೇಳುವುದು ಕಡಿಮೆ. ಹೆಸರು ಮಾತ್ರ ತಪ್ಪದೆ ಹೇಳುತ್ತಾರೆ. ಕಂಚಿ ಕಡೆಯ ಹೆಸರುಗಳನ್ನೇ ಕೇಳಿ. ಮಲ್ಲಿಮೊಗ್ಗು. ಕೇದಗೆ ಎಸಳಿನಂತೆ ಇರುವ ತಾಳಂಪೂ. ಬಾಳೆಹೂವಿನ ವಾಳೈಪ್ಪೂ. ಹುಣಸೆಬೀಜದ ಪುಳಿಯಂಕೊಟ್ಟೈ. ಕೋಗಿಲೆ ಕಣ್ಣಿನ ಕುಯಿಲ್‌ಕಣ್. ಚಾಪೆ ಮಡಿಸಿದಂತೆ ಕಾಣುವ ಪಾಯ್‌ಮಡಿ. ತೋಳಿಗೆ ಹಾಕುವ ವಂಕಿ. ಆಮೇಲೆ ರುದ್ರಾಕ್ಷಿ, ಸಿಂಹದಂತಿರುವ ಯಾಳಿ, ಹಂಸದಂತಿರುವ ಅನ್ನಪಕ್ಷಿ. ಇದರಲ್ಲಿ ದೇವಸ್ಥಾನವೂ ಇದೆ, ಹಿತ್ತಿಲೂ ಇದೆ, ಅಡುಗೆಮನೆಯೂ ಇದೆ. ನೇಕಾರ ದಿನವೂ ಕಣ್ಣಾರೆ ನೋಡಿದ್ದೆಲ್ಲ ಸೀರೆಗೆ ಬಂದಿದೆ. ಹುಣಸೆಬೀಜಕ್ಕೆ ಯಾವ ಗೂಢಾರ್ಥ ಹುಡುಕೋಣ? ಆದರೂ ಅದು ರುದ್ರಾಕ್ಷಿಯ ಪಕ್ಕದಲ್ಲೇ ಕೂತಿದೆ.

ಇನ್ನು ಗೋಪುರ. ಮೈ ಒಂದು ಬಣ್ಣ, ಎರಡೂ ಅಂಚು ಇನ್ನೊಂದು ಬಣ್ಣ ಬೇಕಾದರೆ ಅಡ್ಡ ಎಳೆ ಹಾಯಿಸುವ ಲಾಳಿ ಮೂರು ಬೇಕು. ಒಂದು ಮೈಗೆ, ಅಂಚಿಗೆ ಒಂದೊಂದು. ಕೈಮಗ್ಗದಲ್ಲಿ ಇದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಪಕ್ಕದಲ್ಲಿ ಇನ್ನೊಬ್ಬರು ಕೂತು ಆಚೆ ಅಂಚಿನ ಲಾಳಿ ಹಾಕಿಕೊಡಬೇಕು. ಮೈಯ ಹೊಕ್ಕಿನ ಎಳೆ, ಅಂದರೆ ಅಡ್ಡ ಎಳೆ, ಮತ್ತು ಅಂಚಿನ ಹೊಕ್ಕಿನ ಎಳೆ ಕೂಡುವ ಜಾಗದಲ್ಲಿ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಇದಕ್ಕೆ ಕೊರ್ವೈ ಅನ್ನುತ್ತಾರೆ. ಕೊಂಡಿಯ ಜಾಗವನ್ನು ಒಂದೇ ಗೆರೆಯಲ್ಲಿ ಇಟ್ಟರೆ ನೇರ ಅಂಚು. ಎಳೆ ಎಳೆಗೂ ಅದನ್ನು ಸ್ವಲ್ಪ ಸ್ವಲ್ಪ ಮೈಯೊಳಕ್ಕೆ ಸರಿಸಿ, ಮತ್ತೆ ಹಾಗೇ ವಾಪಸ್ ತಂದರೆ ಒಂದು ಮೊನೆ. ಸಾಲಾಗಿ ಮೊನೆಗಳು ಬಂದರೆ ಗೋಪುರದ ಅಂಚು. ಎರಡು ಬಣ್ಣ ಕೂಡುವ ರೀತಿಯಲ್ಲೇ ಆ ಆಕಾರ ಅಡಗಿದೆ. ಅದಕ್ಕೇ ತೆಲಂಗಾಣದ ಗದ್ವಾಲದಲ್ಲೂ ಒಡಿಶಾದಲ್ಲೂ ಇದೇ ಮೊನೆ ಸಿಗುತ್ತದೆ, ಹೆಸರು ಮಾತ್ರ ಕುಂಭ ಅಂತ ಬದಲಾಗುತ್ತದೆ.

ನಿಮ್ಮ ಸೀರೆಯ ಸೆರಗು ಶುರುವಾಗುವ ಜಾಗ ತಿರುಗಿಸಿ ನೋಡಿ. ಸ್ವಲ್ಪ ದಪ್ಪನೆಯ ಒಂದು ಗೆರೆ ಕಂಡರೆ ಅದು ಪೆಟ್ನಿ. ಮೈಯ ಹಾಸು (ಉದ್ದ ಎಳೆಗಳು) ಮತ್ತು ಸೆರಗಿನ ಹಾಸನ್ನು ಒಂದೊಂದೇ ಎಳೆ ಹೊಸೆದು ಸೇರಿಸಿದ ಗುರುತು. ಅಂಥ ಸೀರೆಯನ್ನು ಜೋಪಾನ ಮಾಡಿ.

ಹೊಯ್ಸಳನಾಡು

ಮಗ್ಗದಮನೆ ಅವರೇ, ಮಗ್ಗದ ಕೆಲಸವನ್ನು ಇಷ್ಟು ಬಿಡಿಸಿ ಹೇಳಿದ್ದು ಖುಷಿಯಾಯಿತು. ಆದರೆ ಒಂದು ಮಾತು ಒಪ್ಪಲಾರೆ. ಆಕಾರ ಹೇಗೇ ಹುಟ್ಟಿರಲಿ, ಅದನ್ನು ಗೋಪುರ ಎಂದು ಕರೆದ ಮೇಲೆ ಉಡುವವಳು ಗೋಪುರ ಅಂತಲೇ ಉಡುತ್ತಾಳೆ. ಕಂಚಿ ದೇವಸ್ಥಾನಗಳ ಊರು. ಅಲ್ಲಿ ಮೊನೆ ಅಂಚಿಗೆ ಬೇರೆ ಹೆಸರು ಬರುವುದಾದರೂ ಹೇಗೆ?

ಗಂಡಭೇರುಂಡವನ್ನು ತೆಗೆದುಕೊಳ್ಳಿ. ಬಳ್ಳಿಗಾವಿಯಲ್ಲಿ 11ನೇ ಶತಮಾನದ ಕಂಬದ ಮೇಲೆ ಅದು ನಿಂತಿದೆ. ವಿಜಯನಗರದ ನಾಣ್ಯಗಳಲ್ಲಿ ಬಂತು. ಮೈಸೂರು ಅರಸರ ಲಾಂಛನವಾಯಿತು. ಈಗ ಕರ್ನಾಟಕ ಸರ್ಕಾರದ ಲಾಂಛನದಲ್ಲೂ ಇದೆ. ಅದೇ ಎರಡು ತಲೆಯ ಹಕ್ಕಿ ಕಂಚಿ ಸೀರೆಯಲ್ಲಿ ಇರುತಲೈ ಪಕ್ಷಿ ಅನ್ನುವ ಹೆಸರಲ್ಲಿ ಸಿಗುತ್ತದೆ. ಇಷ್ಟು ಕಾಲ, ಇಷ್ಟು ಕಡೆ ಒಂದು ಹಕ್ಕಿಯನ್ನು ಜನ ಉಳಿಸಿಕೊಂಡಿದ್ದಾರೆ ಅಂದರೆ ಅದರಲ್ಲಿ ಅವರಿಗೆ ಬಲ ಕಂಡಿದೆ. ಚೆಂದ ಕಾಣುತ್ತದೆ ಅನ್ನೋದಷ್ಟೇ ಕಾರಣ ಅಲ್ಲ.

ಮಗ್ಗದಮನೆ

ಖಂಡಿತ ಒಪ್ಪುತ್ತೇನೆ. ನಾನು ಹೇಳಿದ್ದು ಅರ್ಥ ಇಲ್ಲ ಅಂತಲ್ಲ. ಅರ್ಥ ಸೀರೆಗೆ ಬಂದು ಸೇರುವುದಕ್ಕೆ ಒಂದು ದಾರಿ ಇದೆ. ಮೊದಲು ಕೈಗೆ ಸಾಧ್ಯವಾಗುವ ಆಕಾರ, ಆಮೇಲೆ ಹೆಸರು, ಆಮೇಲೆ ಭಕ್ತಿ. ಅಂಗಡಿಯ ಪಟ್ಟಿ ಈ ದಾರಿಯನ್ನೇ ಬಿಟ್ಟು ಕೊನೆಯ ಮಾತನ್ನು ಮಾತ್ರ ಹೇಳುತ್ತದೆ.

ಇನ್ನೊಂದು ವಿಷಯ. ತೂತು ಹಾಕಿದ ಕಾರ್ಡುಗಳಿಂದ ಚಿತ್ತಾರ ಎತ್ತುವ ಜಕಾರ್ಡ್ ಯಂತ್ರ ಬರುವ ಮುಂಚೆ ಚಿತ್ತಾರವನ್ನು ದಾರದ ಕುಣಿಕೆಗಳಲ್ಲಿ ಕಟ್ಟಿಡುತ್ತಿದ್ದರು. ಕಂಚಿಯಲ್ಲಿ ಅದಕ್ಕೆ ಅಡೈ ಅನ್ನುತ್ತಾರೆ. ಒಂದು ಹೊಸ ಚಿತ್ತಾರ ಕಟ್ಟುವುದೆಂದರೆ ತುಂಬಾ ದಿನದ ಕೆಲಸ. ಹಾಗಾಗಿ ಬೇಕಾದದ್ದನ್ನು ಮಾತ್ರ ಕಟ್ಟುತ್ತಿದ್ದರು, ಕಟ್ಟಿದ್ದನ್ನು ತಲೆಮಾರು ಉಳಿಸಿಕೊಳ್ಳುತ್ತಿದ್ದರು. ಈಗ ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಿ ಕಾರ್ಡಿಗೆ ತೂತು ಹಾಕಿಸಿದರೆ ಯಾವ ಚಿತ್ರ ಬೇಕಾದರೂ ಸೆರಗಿಗೆ ಬರುತ್ತದೆ. ಹಳೆಯ ಸೀರೆಯಲ್ಲಿ ಒಂದು ಹಕ್ಕಿ ಕಂಡರೆ ಅದನ್ನು ಯಾರೋ ಬೇಕೆಂದೇ ಆರಿಸಿದ್ದಾರೆ ಅಂತ ಧೈರ್ಯವಾಗಿ ಹೇಳಬಹುದು.

ಪತ್ತಲ ಪ್ರೀತಿ

ಸೆರಗಿನಂಚು ಅಕ್ಕಾ, ಇಳಕಲ್ ಬಗ್ಗೆ ನಾನು ಹೇಳುತ್ತೇನೆ. ನಾನು ಧಾರವಾಡದವಳು, ನಮ್ಮ ಕಡೆ ಸೀರೆಗೆ ಪತ್ತಲ ಅಂತಾರೆ.

ಇಳಕಲ್ ಪತ್ತಲದ ಜೀವ ಇರುವುದು ಸೆರಗಿನಲ್ಲಿ. ಮೈ ಹತ್ತಿ ಇರಬಹುದು, ರೇಷ್ಮೆ ಇರಬಹುದು. ಸೆರಗು ಮಾತ್ರ ಕೆಂಪು ರೇಷ್ಮೆ, ನಡುನಡುವೆ ಬಿಳಿ ಪಟ್ಟಿ. ಆ ಬಿಳಿಯಲ್ಲಿ ಬರುವ ಆಕಾರಗಳಿಗೆ ಹೆಸರುಗಳಿವೆ. ಹಣಿಗೆ, ಅಂದರೆ ತಲೆ ಬಾಚುವ ಹಣಿಗೆಯ ಹಲ್ಲು. ಕೋಟಿ ಕಮ್ಮಲಿ, ಅಂದರೆ ಕೋಟೆ ಗೋಡೆಯ ಮೇಲಿನ ತೆನೆಗಳು. ಜೋಳದ ತೆನೆ. ಗುಡ್ಡದ ಸಾಲಿನಂತೆ ಕಾಣುವ ರಂಪ. ನಮ್ಮ ಸೀಮೆ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಎರಿ ಹೊಲದ ಜೋಳ, ಬಾದಾಮಿ ಕಡೆಯ ಗುಡ್ಡ, ಊರೂರಿಗೆ ಕೋಟೆ. ಹಿರಿಯರ ಎದುರು, ಗುಡಿಯಲ್ಲಿ, ಆ ಸೆರಗೇ ತಲೆಯ ಮೇಲೆ ಬರುತ್ತದೆ. ಸೀರೆಯ ಎಲ್ಲಕ್ಕಿಂತ ಬೆಲೆಬಾಳುವ ಭಾಗವನ್ನು ಹೆಂಗಸು ತಲೆಯ ಮೇಲೆ ಇಟ್ಟುಕೊಳ್ಳುತ್ತಾಳೆ. ಮರ್ಯಾದೆ ಅನ್ನುವ ಅರ್ಥ ಅಲ್ಲಿದೆ ಅಂತ ನನಗೆ ಅನ್ನಿಸುತ್ತದೆ.

ಮೈಯ ಹಾಸಿಗೂ ಸೆರಗಿನ ಹಾಸಿಗೂ ಕುಣಿಕೆ ಕುಣಿಕೆಯಾಗಿ ಕೊಂಡಿ ಹಾಕುತ್ತಾರೆ. ಈ ಕೆಲಸಕ್ಕೆ ಟೋಪ್ ತೆನಿ ಅಂತ ಹೆಸರು. ಹೀಗಾಗಿ ಪ್ರತಿ ಪತ್ತಲಕ್ಕೂ ಹೊಸದಾಗಿ ಹಾಸು ಸಿದ್ಧ ಮಾಡಬೇಕು. ಒಂದೇ ಉದ್ದ ಹಾಸು ಹೂಡಿ ಸಾಲಾಗಿ ಸೀರೆ ನೇಯ್ದು ಕತ್ತರಿಸುತ್ತಾ ಹೋಗಲು ಆಗುವುದಿಲ್ಲ. ಮಗ್ಗದಮನೆ ಅವರು ಹೇಳಿದ ಕಂಚಿಯ ಪೆಟ್ನಿಗೂ ಇದಕ್ಕೂ ಒಳ್ಳೆ ನೆಂಟಸ್ತನ ಇದೆ.

ಇದರ ಮೇಲೆ ಕಸೂತಿ ಬೇರೆ. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಬರೆಯುವುದಿಲ್ಲ. ಎಳೆ ಎಣಿಸಿ ಎಣಿಸಿ ಸೂಜಿ ಹಾಕಬೇಕು. ಗವಂತಿ, ಮುರಗಿ, ನೇಯ್ಗಿ, ಮೆಂತೆ ಅಂತ ನಾಲ್ಕು ಹೊಲಿಗೆ. ಗೋಪುರ, ತೇರು, ಪಲ್ಲಕ್ಕಿ, ಆನೆ ಅಂಬಾರಿ, ತುಳಸಿ ಕಟ್ಟೆ, ತೊಟ್ಟಿಲು, ಶಂಖ. ಸೆರಗಿನ ಹತ್ತಿರ ದೊಡ್ಡ ಚಿತ್ತಾರ ಬರುತ್ತದೆ. ದೂರ ಹೋದ ಹಾಗೆ ಸಣ್ಣದಾಗುತ್ತದೆ. ಇದು ಮಗ್ಗದಲ್ಲಿ ಹುಟ್ಟುವ ಚಿತ್ತಾರ ಅಲ್ಲ, ಹೆಣ್ಣುಮಕ್ಕಳು ಕೈಯಲ್ಲಿ ಹಾಕುವುದು. ತೊಟ್ಟಿಲು ಹಾಕಬೇಕೋ ತೇರು ಹಾಕಬೇಕೋ ಅಂತ ಅವರೇ ಆರಿಸುತ್ತಾರೆ. ಮದುವೆಯಾಗಿ ಹೋಗುವ ಮಗಳ ಪತ್ತಲಕ್ಕೆ ತಾಯಿ ತೊಟ್ಟಿಲು ಹಾಕಿದರೆ ಅದರ ಅರ್ಥಕ್ಕೆ ಪಟ್ಟಿ ಬೇಕಾ?

ಸೆರಗಿನಂಚು

ಓದ್ತಾ ಓದ್ತಾ ಇಳಕಲ್ ಸೀರೆ ತೆಗೆದು ನೋಡಿದೆ. ಹಣಿಗೆ ಹಲ್ಲು ಸ್ಪಷ್ಟವಾಗಿ ಕಾಣುತ್ತದೆ! ಇಷ್ಟು ವರ್ಷ ಬರೀ ಬಿಳಿ ಗೆರೆ ಅಂದುಕೊಂಡಿದ್ದೆ. ಮನಸ್ಸು ತುಂಬಿತು.

ಬಣ್ಣದ ಬಗ್ಗೆಯೂ ಯಾರಾದರೂ ಹೇಳಿ. ಅರಗಿನ ಬಣ್ಣ ಅಂತ ಯಾಕೆ ಕರೆಯುತ್ತಾರೆ?

ಬಣ್ಣದ ಮೇಷ್ಟ್ರು

ಅರಗಿನಿಂದಲೇ ಬರುತ್ತಿತ್ತು, ಅದಕ್ಕೆ. ಮರದ ರೆಂಬೆಗಳ ಮೇಲೆ ಕೂರುವ ಅರಗಿನ ಹುಳದಿಂದ ಎರಡು ವಸ್ತು ಸಿಗುತ್ತವೆ. ಒಂದು ಅಂಟು, ಇನ್ನೊಂದು ಕೆಂಪು ಬಣ್ಣ. ರೇಷ್ಮೆಯನ್ನು ಮೊದಲು ಪಟಿಕದ ನೀರಿನಲ್ಲಿ ನೆನೆಸಿ, ಆಮೇಲೆ ಈ ಬಣ್ಣದಲ್ಲಿ ಅದ್ದಿದರೆ ಗಾಢ ಕೆಂಪು ಹಿಡಿಯುತ್ತದೆ. ಪಟಿಕ ಇಲ್ಲದೆ ಬಣ್ಣ ಎಳೆಗೆ ಸರಿಯಾಗಿ ಕೂರುವುದಿಲ್ಲ. ಅರಿಶಿನ ಹಾಗಲ್ಲ. ಅದು ಸುಲಭವಾಗಿ ಹಿಡಿಯುತ್ತದೆ, ಬಿಸಿಲಿಗೆ ಅಷ್ಟೇ ಬೇಗ ಮಾಸುತ್ತದೆ. ನೀಲಿ ಗಿಡದಿಂದ ನೀಲಿ. ಅದರ ಮೇಲೆ ಹಳದಿ ಹಾಕಿದರೆ ಹಸಿರು. ಅಂದರೆ ಹಸಿರು ಸೀರೆಗೆ ಎರಡು ಸಲ ಬಣ್ಣದ ಹಂಡೆಗೆ ಇಳಿಸಬೇಕಿತ್ತು. ಮಾಸದ ಕೆಂಪು, ಒಳ್ಳೆಯ ಹಸಿರು ಎರಡೂ ದುಬಾರಿ ಬಣ್ಣಗಳು. ಮದುವೆ, ಸೀಮಂತ ಅಂತ ಬದುಕಿನ ದೊಡ್ಡ ದಿನಗಳಿಗೆ ಇವೇ ಬಂದು ಕೂತದ್ದರಲ್ಲಿ ಈ ಶ್ರಮದ ಪಾಲೂ ಇದೆ ಎಂದು ನಾನು ನಂಬುತ್ತೇನೆ.

1856ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಎಂಬ 18 ವರ್ಷದ ಹುಡುಗ ಪ್ರಯೋಗಶಾಲೆಯಲ್ಲಿ ನೇರಳೆ ಬಣ್ಣ ಮಾಡಿದ. 1897ರ ಹೊತ್ತಿಗೆ ಕಾರ್ಖಾನೆಯ ನೀಲಿಯೂ ಮಾರುಕಟ್ಟೆಗೆ ಬಂತು. ಅಲ್ಲಿಂದ ಮುಂದೆ ಯಾವ ಬಣ್ಣವೂ ಕಷ್ಟದ್ದಲ್ಲ. ಆದ್ದರಿಂದ ಗುಲಾಬಿ ಬಣ್ಣದ ಇಂಥ ಛಾಯೆಗೆ ವೇದಕಾಲದಿಂದ ಇಂಥ ಅರ್ಥ ಅಂತ ಯಾರಾದರೂ ಹೇಳಿದರೆ ಸ್ವಲ್ಪ ತಾಳಿ.

ಎರಡು ಬಣ್ಣ ಹೊಳೆಯುವ ಸೀರೆಯ ಬಗ್ಗೆಯೂ ಒಂದು ಮಾತು. ಹಾಸು ನೀಲಿ, ಹೊಕ್ಕು ಹಸಿರು ಇಟ್ಟು ನೇಯ್ದರೆ ನವಿಲಿನ ಕತ್ತಿನ ಬಣ್ಣ ಬರುತ್ತದೆ. ಸೀರೆ ಅಲುಗಿದ ಹಾಗೆ ಒಂದು ಸಲ ನೀಲಿ, ಒಂದು ಸಲ ಹಸಿರು. ಆ ಸೀರೆಯಲ್ಲಿ ನವಿಲಿನ ಚಿತ್ರ ಹುಡುಕಬೇಕಿಲ್ಲ, ಮೈಯೇ ನವಿಲು.

ಹಾಗೇ, ಎಲ್ಲ ಹೆಸರೂ ಪುರಾಣದಿಂದ ಬಂದಿರಬೇಕು ಅಂತೇನಿಲ್ಲ. ಕಂಚಿಯಲ್ಲಿ ಎಂ.ಎಸ್. ನೀಲಿ ಅಂತ ಒಂದು ಬಣ್ಣ ಇದೆ. ಎಂ.ಎಸ್. ಸುಬ್ಬುಲಕ್ಷ್ಮಿ ಅವರು ಉಡುತ್ತಿದ್ದ ಸೀರೆಯಿಂದ ಬಂದ ಹೆಸರು. ಒಬ್ಬ ಗಾಯಕಿಯ ಮೇಲಿನ ಪ್ರೀತಿ ಬಣ್ಣಕ್ಕೆ ಹೆಸರಾಗಿದೆ.

ಹೊಯ್ಸಳನಾಡು

ಮೇಷ್ಟ್ರೇ, ಶ್ರಮ ಸರಿ. ಆದರೆ ಕೆಂಪು ಮಂಗಳ ಅನ್ನುವುದು ದುಬಾರಿ ಅನ್ನುವ ಕಾರಣಕ್ಕೆ ಮಾತ್ರ ಬಂದದ್ದಲ್ಲ. ಕುಂಕುಮ ಕೆಂಪು. ದೇವಿಗೆ ಏರಿಸುವ ಸೀರೆ ಕೆಂಪು. ಇದು ನಂಬಿಕೆ.

ತುಂಗೆಯ ತೀರ

ಹೊಯ್ಸಳನಾಡು ಅವರೇ, ನಿಮ್ಮ ನಂಬಿಕೆಯ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ನಮ್ಮ ಬ್ರಾಹ್ಮಣ ಮನೆಗಳಲ್ಲಿ ಹಿಂದೆ ಗಂಡ ತೀರಿದ ಮೇಲೆ ತಲೆ ಬೋಳಿಸಿದ ಮಡಿ ಅಜ್ಜಿಯಂದಿರು ಉಡುತ್ತಿದ್ದದ್ದು ಸಾದಾ ಕೆಂಪು ಸೀರೆ. ಬಿಳಿ ಅಲ್ಲ. ಹಳಬರ ಮನೆಗಳಲ್ಲಿ ಕೇಳಿದರೆ ಈಗಲೂ ಹೇಳುತ್ತಾರೆ. ಅದೇ ಮನೆಯಲ್ಲಿ ಮದುಮಗಳು ಧಾರೆಗೆ ಉಡುತ್ತಿದ್ದದ್ದು ಕೆಂಪು ಅಂಚಿನ ಬಿಳಿ ಸೀರೆ.

ಹಾಗಾದರೆ ಕೆಂಪಿನ ಅರ್ಥ ಏನು, ಬಿಳಿಯ ಅರ್ಥ ಏನು? ಬಣ್ಣ ಒಂದನ್ನೇ ಹಿಡಿದರೆ ಉತ್ತರ ಸಿಗುವುದಿಲ್ಲ. ಅಂಚು ಇದೆಯೋ ಇಲ್ಲವೋ, ಜರಿ ಇದೆಯೋ ಇಲ್ಲವೋ, ಕೈಗೆ ಬಳೆ ಇದೆಯೋ ಇಲ್ಲವೋ, ಯಾರು ಕೊಟ್ಟದ್ದು, ಯಾವ ದಿನ ಉಟ್ಟದ್ದು, ಇಷ್ಟೂ ಸೇರಿದರೆ ಮಾತ್ರ ಅರ್ಥ. ಆ ಅಜ್ಜಿಯಂದಿರಿಗೆ ಬಣ್ಣ ಆರಿಸುವ ಹಕ್ಕೂ ಇರಲಿಲ್ಲ ಅನ್ನುವುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಸೀರೆಯ ಅರ್ಥಗಳ ಬಗ್ಗೆ ಮಾತಾಡುವಾಗ ಇದನ್ನೂ ಹೇಳಲೇಬೇಕು.

ಹೊಯ್ಸಳನಾಡು

ನಿಜ. ಮಡಿ ಅಜ್ಜಿಯರ ಕೆಂಪು ಸೀರೆಯ ವಿಷಯ ನಮ್ಮ ಮನೆಯಲ್ಲೂ ಕೇಳಿದ್ದೇನೆ. ನೀವು ಹೇಳಿದ್ದರಲ್ಲಿ ನ್ಯಾಯ ಇದೆ.

ವಡೋದರಾ ಕನ್ನಡಿಗ

ಕೆಂಪು ಅಂಚಿನ ಬಿಳಿ ಸೀರೆ ಅಂದಿರಲ್ಲ, ಗುಜರಾತಿನ ಪಾನೇತರ್ ನೆನಪಾಯಿತು. ಬಿಳಿ ಮೈ, ಕೆಂಪು ಅಂಚು. ಮದುಮಗಳಿಗೆ ಸೋದರಮಾವ ಕೊಡುವ ಸೀರೆ. ಮದುವೆ ನಡೆಯುತ್ತಿರುವಾಗಲೇ ಅದರ ಮೇಲೆ ಗಂಡನ ಮನೆಯವರು ಕೊಟ್ಟ ಘರ್‌ಚೋಳಾ ಬರುತ್ತದೆ. ಅದು ಹೆಚ್ಚಾಗಿ ಕೆಂಪು. ಜರಿಯಲ್ಲಿ ಚೌಕ ಚೌಕ, ಚೌಕದೊಳಗೆ ಬಟ್ಟೆ ಕಟ್ಟಿ ಬಣ್ಣ ಹಾಕುವ ಬಾಂಧನಿಯ ಚುಕ್ಕಿ, ಆನೆ, ಗಿಳಿ, ಕುಣಿಯುವ ಹೆಣ್ಣು. 12 ಚೌಕದ್ದು ಬಾರ್ ಬಾಗ್, 52 ಚೌಕದ್ದು ಬಾವನ್ ಬಾಗ್. ಬಾಗ್ ಅಂದರೆ ತೋಟ. ತವರಿನ ಬಿಳಿಯ ಮೇಲೆ ಅತ್ತೆಮನೆಯ ತೋಟ ಬಂದು ಕೂರುತ್ತದೆ. ಎರಡು ಸೀರೆ ಸೇರಿ ಒಂದು ಮದುವೆಯನ್ನೇ ಹೇಳುತ್ತವೆ. ಯಾವುದೇ ಒಂದನ್ನು ಬಿಡಿಯಾಗಿ ನೋಡಿದರೆ ಇದು ಗೊತ್ತಾಗುವುದಿಲ್ಲ.

ತೆಲುಗರು ಮದುವೆಗೆ ಉಡುವ ಮಧುಪರ್ಕವೂ ಬಿಳಿ, ಕೆಂಪಂಚು. ಬಂಗಾಳದಲ್ಲಿ ಪೂಜೆಗೆ ಉಡುವ ಗರದ್ ರೇಷ್ಮೆಯೂ ಹಾಗೇ, ಬಣ್ಣ ಹಾಕದ ಮೈ, ಕೆಂಪು ಅಂಚು. ನಮ್ಮ ಧಾರೆ ಸೀರೆ ಇವರೆಲ್ಲರ ಸಾಲಿನಲ್ಲೇ ಇದೆ ನೋಡಿ.

ಗುಜರಾತಿನ ಪಾಟಣದ ಪಟೋಲಾ ಸೀರೆ ಬಗ್ಗೆಯೂ ಬರೆಯಲೇಬೇಕು. ಹಾಸಿನ ಎಳೆಗೂ ಹೊಕ್ಕಿನ ಎಳೆಗೂ ನೇಯುವ ಮುಂಚೆಯೇ ಕಟ್ಟಿ ಕಟ್ಟಿ ಬಣ್ಣ ಹಾಕುತ್ತಾರೆ. ಮಗ್ಗದಲ್ಲಿ ಆ ಎರಡೂ ಬಣ್ಣ ಸರಿಯಾಗಿ ಒಂದರ ಮೇಲೊಂದು ಬಂದು ಕೂರಬೇಕು. ಒಂದು ಸೀರೆಗೆ ತಿಂಗಳುಗಟ್ಟಲೆ ಬೇಕು. ಒಳಗೂ ಹೊರಗೂ ಒಂದೇ ಚಿತ್ತಾರ. ನಾರಿಕುಂಜರದಲ್ಲಿ ಹೆಣ್ಣು ಮತ್ತು ಆನೆ. ಪಾನ್‌ಭಾತ್‌ನಲ್ಲಿ (ಭಾತ್ ಅಂದರೆ ಚಿತ್ತಾರ) ಅರಳಿ ಎಲೆ. ಇದರ ಜೊತೆಗೆ ವೋರಾ ಗಜಿ ಭಾತ್ ಅಂತ ಇನ್ನೊಂದು ಇದೆ. ವೋರಾ, ಅಂದರೆ ಬೋಹ್ರಾ ಮುಸ್ಲಿಮರು ಕೊಳ್ಳುತ್ತಿದ್ದದ್ದು. ಅದರಲ್ಲಿ ಪ್ರಾಣಿಯಾಗಲಿ ಮನುಷ್ಯರಾಗಲಿ ಇಲ್ಲ. ಅದೇ ನೇಕಾರ, ಅದೇ ಮಗ್ಗ, ಉಡುವವರ ನಂಬಿಕೆಗೆ ತಕ್ಕಂತೆ ಚಿತ್ತಾರ.

ಇದೇ ಪಟೋಲಾ ಹಡಗೇರಿ ಇಂಡೋನೇಷ್ಯಾಕ್ಕೂ ಹೋಯಿತು. ಡಚ್ ಈಸ್ಟ್ ಇಂಡಿಯಾ ಕಂಪನಿ ಅಲ್ಲಿಗೆ ಒಯ್ದು ಮಾರುತ್ತಿತ್ತು. ಅಲ್ಲಿ ಅದು ಉಡುವ ಸೀರೆಯಾಗಿ ಉಳಿಯಲಿಲ್ಲ. ಕಾಪಾಡುವ ಶಕ್ತಿಯುಳ್ಳ ಬಟ್ಟೆ ಎಂದು ಮನೆತನದ ಆಸ್ತಿಯಾಗಿ ಇಟ್ಟುಕೊಂಡರು. ಸಮುದ್ರ ದಾಟಿದ ಮೇಲೆ ಅದೇ ಆನೆಗೆ ಬೇರೆ ಅರ್ಥ.

ಹಳೆಬಟ್ಟೆ ಹುಚ್ಚು

ಮಾವಿನಕಾಯಿ ವಿಷಯ ಯಾರೂ ಎತ್ತಿಲ್ಲ, ನಾನು ಎತ್ತುತ್ತೇನೆ. ಎಲ್ಲ ಪಟ್ಟಿಯಲ್ಲೂ ಅದಕ್ಕೆ ಸಂತಾನ, ಫಲವಂತಿಕೆ ಅಂತ ಇರುತ್ತದೆ. ಆದರೆ ಕಾಶ್ಮೀರದ ಶಾಲುಗಳನ್ನು ಕಾಲದ ಸಾಲಿನಲ್ಲಿ ಇಟ್ಟು ನೋಡಿ. 17ನೇ ಶತಮಾನದ ಶಾಲಿನಲ್ಲಿ ಅದು ಬೇರು, ಕಾಂಡ, ಹೂವು ಎಲ್ಲ ಇರುವ ಒಂದು ಪುಟ್ಟ ಗಿಡ. ಬರಬರುತ್ತಾ ಗಿಡ ದಟ್ಟವಾಯಿತು, ತುದಿ ಒಂದು ಕಡೆ ಬಾಗಿತು, ಸುತ್ತ ಒಂದು ಗೆರೆ ಬಂತು. 19ನೇ ಶತಮಾನದ ಹೊತ್ತಿಗೆ ಬಾಗಿದ ತುದಿಯ ಆ ಆಕಾರ ಗಟ್ಟಿಯಾಯಿತು. ಆ ಶಾಲುಗಳ ನಕಲು ನೇಯ್ದ ಸ್ಕಾಟ್ಲೆಂಡಿನ ಪೇಯ್‌ಸ್ಲಿ ಪಟ್ಟಣದ ಹೆಸರು ಇಂಗ್ಲಿಷಿನಲ್ಲಿ ಅದಕ್ಕೆ ಅಂಟಿತು. ಬನಾರಸಿನಲ್ಲಿ ಅದು ಕಲ್ಗಾ. ಸೆರಗಿನ ಮೂಲೆಯಲ್ಲಿ ಕೂತರೆ ಕೋನಿಯಾ. ನಮ್ಮಲ್ಲಿ ಮಾವಿನಕಾಯಿ.

ಅಂದಮಾತ್ರಕ್ಕೆ ನಮ್ಮ ಮಾವಿನಕಾಯಿ ಸುಳ್ಳಲ್ಲ. ಬಾಗಿಲಿಗೆ ಮಾವಿನ ತೋರಣ, ಕಲಶಕ್ಕೆ ಮಾವಿನೆಲೆ ಇಡುವ ಜನ ನಾವು. ಆ ಆಕಾರ ಕಂಡ ಕೂಡಲೇ ನಮಗೆ ಮಾವೇ ಕಾಣಿಸಿತು, ಶುಭಕ್ಕೂ ಸೇರಿಸಿಕೊಂಡೆವು.

ಇನ್ನು ಎಲ್ಲ ಸೀರೆಯೂ ದೇವರು, ಶುಭ ಅಂತಲೇ ಹೇಳುವುದಿಲ್ಲ. ಬಂಗಾಳದ ಬಾಲುಚರಿ ನೋಡಿ. ಮುರ್ಷಿದಾಬಾದ್ ಹತ್ತಿರದ ಬಾಲುಚರದಲ್ಲಿ 18, 19ನೇ ಶತಮಾನದಲ್ಲಿ ನೇಯ್ದ ಸೆರಗುಗಳಲ್ಲಿ ಹುಕ್ಕಾ ಸೇದುವ ನವಾಬ ಇದ್ದಾನೆ, ಕುದುರೆ ಸವಾರ ಇದ್ದಾನೆ, ಟೋಪಿ ಹಾಕಿದ ಬಿಳಿ ದೊರೆ ಇದ್ದಾನೆ, ಆಮೇಲೆ ರೈಲೂ ಬಂದಿದೆ. ನೇಕಾರ ತನ್ನ ಕಾಲವನ್ನೇ ನೇಯ್ದ. ದುಬರಾಜ ದಾಸ್ ಎನ್ನುವ ನೇಕಾರರಂತೂ ಸೀರೆಯಲ್ಲೇ ತಮ್ಮ ಹೆಸರು ನೇಯ್ದಿದ್ದಾರೆ. ಈ ನೇಯ್ಗೆ ಈಗ ಇರುವುದು ಬಿಷ್ಣುಪುರದಲ್ಲಿ, ಅಲ್ಲಿ ರಾಮಾಯಣ ಮಹಾಭಾರತದ ಕಥೆಗಳು ಜಾಸ್ತಿ. ಆ ಊರಿನ ಸುಟ್ಟ ಮಣ್ಣಿನ ದೇವಸ್ಥಾನಗಳ ಗೋಡೆಯ ಮೇಲೂ ಅವೇ ಕಥೆಗಳಿವೆ.

ಒಡಿಶಾದ ನೂಆಪಾಟಣದಲ್ಲಿ ಇನ್ನೊಂದು ಇದೆ. ಗೀತಗೋವಿಂದದ ಸಾಲುಗಳನ್ನೇ ಅಕ್ಷರವಾಗಿ ರೇಷ್ಮೆಯಲ್ಲಿ ನೇಯ್ದು ಪುರಿ ಜಗನ್ನಾಥನಿಗೆ ಅರ್ಪಿಸುತ್ತಾರೆ. ಅಲ್ಲಿ ಸಂಕೇತ ಯಾವುದು ಅಂತ ಊಹಿಸುವ ಕೆಲಸವೇ ಇಲ್ಲ, ಓದಿದರೆ ಸಾಕು.

ಚಾಮುಂಡಿಬೆಟ್ಟ

ನಿಮ್ಮ ಸಾದಾ ಮೈಸೂರು ಸಿಲ್ಕ್‌ಗೆ ನ್ಯಾಯ ಕೊಡಿಸೋಣ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾಯಿತು. ಮಗ್ಗಗಳನ್ನು ಸ್ವಿಟ್ಜರ್ಲೆಂಡಿನಿಂದ ತರಿಸಿದ್ದರು. ಈಗ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿದೆ. ಎಳೆಯನ್ನು ಬಲವಾಗಿ ಹುರಿ ಮಾಡಿ ನೇಯುವುದರಿಂದ ಬಟ್ಟೆಗೆ ಆ ಜಾರುವ ಗುಣ, ಮೈಗೆ ಅಂಟಿದಂತೆ ಇಳಿಯುವ ಗುಣ ಬರುತ್ತದೆ. ಜರಿಯಲ್ಲಿ ಬೆಳ್ಳಿ ಶೇ 65, ಚಿನ್ನ ಶೇ 0.65.

ಇದರಲ್ಲಿ ಚಿತ್ತಾರ ಇಲ್ಲ ಅನ್ನುವುದೇ ಅದರ ಗುರುತು. ಒಂದೇ ಬಣ್ಣದ ಮೈ, ಒಂದು ಜರಿ ಅಂಚು. ಹಳೇ ಮೈಸೂರಿನಲ್ಲಿ ಇದು ಯಾವತ್ತೂ ಒಂದು ಮಟ್ಟಿನ ಗಾಂಭೀರ್ಯದ ಸೀರೆ. ನಾಮಕರಣಕ್ಕೂ ಆಗುತ್ತದೆ, ಸಂಗೀತ ಕಚೇರಿಗೂ ಆಗುತ್ತದೆ, ಆಫೀಸಿನ ಬೀಳ್ಕೊಡುಗೆಗೂ ಆಗುತ್ತದೆ. ಮೊದಲ ಸಂಬಳದಲ್ಲಿ ಅಮ್ಮನಿಗೆ ಒಂದು ಮೈಸೂರು ಸಿಲ್ಕ್ ಕೊಡಿಸಬೇಕು ಅನ್ನುವ ಆಸೆ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇಲ್ಲ? ನನ್ನ ಪ್ರಕಾರ ಆ ಸೀರೆಯ ಅರ್ಥ ಅದೇ. ಅದು ಜರಿಯಲ್ಲಿ ಬರೆದಿಲ್ಲ, ಕೊಟ್ಟವರಿಂದ ಬಂದಿದೆ.

ಸೆರಗಿನಂಚು

ಚಾಮುಂಡಿಬೆಟ್ಟ ಅವರೇ, ತುಂಬಾ ಧನ್ಯವಾದ. ಈಗ ಹೊಸ ಪ್ರಶ್ನೆ. ಮದುವೆ ಡಿಸೆಂಬರಿನಲ್ಲಿ. ಮೊದಲ ಸಂಕ್ರಾಂತಿಗೆ ಸೊಸೆಗೆ ಕಪ್ಪು ರೇಷ್ಮೆ ಕೊಡುತ್ತೇವೆ ಎಂದು ಹುಡುಗನ ತಾಯಿ ಹೇಳಿದ್ದಾರೆ. ನಮ್ಮಕ್ಕನಿಗೆ ಗಾಬರಿ. ಹೊಸ ಮದುಮಗಳಿಗೆ ಕಪ್ಪು ಕೊಡುತ್ತಾರಾ?

ಪುಣೆಯಿಂದ

ಕೊಡುತ್ತಾರೆ, ಪ್ರೀತಿಯಿಂದಲೇ ಕೊಡುತ್ತಾರೆ. ಮಹಾರಾಷ್ಟ್ರದಲ್ಲಿ ಹೊಸ ಸೊಸೆಯ ಮೊದಲ ಸಂಕ್ರಾಂತಿಗೆ ಕಪ್ಪು ಸೀರೆ ಉಡಿಸಿ, ಎಳ್ಳು ಸಕ್ಕರೆಯ ಆಭರಣ ತೊಡಿಸುತ್ತಾರೆ. ಚಳಿಗಾಲ, ಕಪ್ಪು ಬಿಸಿಲನ್ನು ಹಿಡಿದಿಟ್ಟುಕೊಳ್ಳುತ್ತದೆ ಅಂತ ಹಿರಿಯರು ಕಾರಣ ಹೇಳುತ್ತಾರೆ. ಪೈಠಣಿಯಲ್ಲೂ ಕಾಳಿ ಚಂದ್ರಕಳಾ ಅಂತ ಇದೆ. ಕಪ್ಪು ಮೈ, ಕೆಂಪು ಅಂಚು.

ಪೈಠಣಿಯನ್ನು ಗೋದಾವರಿ ದಂಡೆಯ ಪೈಠಣದಲ್ಲಿ, ಈಗ ಹೆಚ್ಚಾಗಿ ಯೇವಲಾದಲ್ಲಿ ನೇಯುತ್ತಾರೆ. ಸೆರಗಿನ ಪ್ರತಿ ಬಣ್ಣಕ್ಕೂ ನೂಲು ಸುತ್ತಿದ ಬೇರೆ ಬೇರೆ ಪುಟ್ಟ ಕಂಡಿಕೆ. ಕೈಯಲ್ಲೇ ತೂರಿಸಿ ನೇಯುವುದರಿಂದ ಹಿಂಬದಿಯಲ್ಲೂ ಚಿತ್ತಾರ ಅಷ್ಟೇ ಚೊಕ್ಕ. ಬಳೆಯೊಳಗೆ ನವಿಲು ಕೂತ ಬಾಂಗಡಿ ಮೋರ್, ಗಿಳಿಯ ಮುನಿಯಾ, ಹೂಬಳ್ಳಿಯ ಅಸಾವಲಿ, ತೆಂಗಿನ ನಾರಳಿ. ಬಳೆ ಮುತ್ತೈದೆಯ ಗುರುತು. ಅದಕ್ಕೇ ಬಾಂಗಡಿ ಮೋರ್ ಮದುವೆಗೆ ಅಷ್ಟು ಇಷ್ಟ.

ಪತ್ತಲ ಪ್ರೀತಿ

ಅಕ್ಕಾ, ಗಾಬರಿ ಬೇಡ. ಗದಗ, ಧಾರವಾಡದ ಕಡೆ ಇದಕ್ಕೆ ಚಂದ್ರಕಾಳಿ ಸೀರೆ ಅಂತಾರೆ. ಕಪ್ಪು ರೇಷ್ಮೆಯ ಮೇಲೆ ಕಸೂತಿ. ಹಿಂದೆ ಮದುಮಗಳ ಹತ್ತಿರ ಇದು ಇರಲೇಬೇಕು ಅನ್ನುವ ಪದ್ಧತಿಯೇ ಇತ್ತು. ಬೀಗರು ನಿಮ್ಮ ಹುಡುಗಿಗೆ ಆ ಮನೆಯ ಗೌರವ ಕೊಡುತ್ತಿದ್ದಾರೆ. ಆದರೆ ಹಾಗಂತ ತಾಳಿ ಕಟ್ಟುವ ಹೊತ್ತಿಗೆ ಕಪ್ಪು ಉಡಿಸುವುದಿಲ್ಲ. ದಿನ ಬೇರೆ, ಬಣ್ಣ ಬೇರೆ.

ಇನ್ನು ನಿಮ್ಮ ಕಡೆಯಿಂದ ಬೀಗಿತಿಯ ಉಡಿ ತುಂಬುವಾಗ ಸೀರೆಯ ಜೊತೆ ಗುಳೇದಗುಡ್ಡದ ಖಣ, ಅಂದರೆ ರವಿಕೆ ಬಟ್ಟೆ ಇಡಿ. ತೇರು, ಆನೆ ಹೆಜ್ಜೆ, ಸೂಜಿ ಮಲ್ಲಿಗೆ ಅಂತ ಅದರಲ್ಲೂ ಚಿತ್ತಾರಗಳಿವೆ. ಆ ಕಡೆಯವರಿಗೆ ಖಣ ಕಂಡರೆ ಮನಸ್ಸು ಅರಳುತ್ತದೆ. ಮುಂದೆ ಬಸಿರಿಗೆ ಮಾಡುವ ಕುಪ್ಪಸದ ಕಾರ್ಯ ಬಂದಾಗ ಹಸಿರು ಪತ್ತಲ, ಹಸಿರು ಬಳೆ. ಅದು ನಿಮ್ಮಲ್ಲಿ ಸೀಮಂತಕ್ಕೂ ಇದೆಯಲ್ಲ.

ಮಗ್ಗದಮನೆ

ಧಾರೆ ಸೀರೆಯನ್ನು ಹೊಸದಾಗಿ ನೇಯಿಸುವುದಾದರೆ ಈಗಲೇ ಹೇಳಿಬಿಡಿ, ಡಿಸೆಂಬರ್ ದೂರ ಇಲ್ಲ. ಬಿಳಿ ಮೈ, ಕೆಂಪು ಅಂಚು, ಅಂಚಿನೊಳಗೆ ಒಂದು ಸಾಲು ರುದ್ರಾಕ್ಷಿ ಸಾಕು. ಸೆರಗಿನಲ್ಲಿ ದೇವಸ್ಥಾನ, ಮದುಮಕ್ಕಳ ಮುಖ, ಹೆಸರು ಎಲ್ಲ ತುಂಬಿಸುವ ಫ್ಯಾಷನ್ ಈಗ ಇದೆ. ಮಾಡಿಸುವವರು ಮಾಡಿಸಲಿ. ನನಗೆ ಕೇಳಿದರೆ ಅಂಚಿನ ಕೊಂಡಿ ನೇಯ್ಗೆಗೆ ದುಡ್ಡು ಹಾಕಿ. ಅಜ್ಜಿಯ ಅರಗಿನ ಕಂಚಿಯನ್ನು ಆರತಕ್ಷತೆಗೆ ಉಡಲಿ. ಹಳೇ ಜರಿ ಮಡಿಕೆಯಲ್ಲಿ ಸೀಳುತ್ತದೆ. ಅದಕ್ಕೆ ಮೊದಲು ಮಡಿಕೆ ಬದಲಿಸಿ, ಫಾಲ್ ಹೊಸದು ಹಾಕಿಸಿ.

ಸೆರಗಿನಂಚು

ಅಕ್ಕನಿಗೆ ಎಲ್ಲ ಓದಿ ಹೇಳಿದೆ. ಚಂದ್ರಕಾಳಿಗೆ ಮನಸಾರೆ ಒಪ್ಪಿದ್ದಾಳೆ. ಕಸೂತಿಯಲ್ಲಿ ಏನು ಹಾಕಿಸಲಿ ಎಂದು ಬೀಗಿತಿಯೇ ಹುಡುಗಿಯನ್ನು ಕೇಳಿದ್ದಾರಂತೆ. ಅವಳು ಪಲ್ಲಕ್ಕಿ ಮತ್ತು ತುಳಸಿ ಕಟ್ಟೆ ಅಂದಳು. ಕೈಕಸೂತಿಯೋ ಮಷೀನ್ ಕಸೂತಿಯೋ ಅಂತ ತಿಳಿಯುವುದು ಹೇಗೆ?

ಪತ್ತಲ ಪ್ರೀತಿ

ತಿರುಗಿಸಿ ನೋಡಿ. ಗವಂತಿ ಹಾಕಿದ ಕಡೆ ಹಿಂದೆಯೂ ಮುಂದೆಯೂ ಒಂದೇ ಗೆರೆ ಇರಬೇಕು, ಎಲ್ಲೂ ಗಂಟು ಇರಬಾರದು. ಮಷೀನಿನದಾದರೆ ಹಿಂಬದಿಯಲ್ಲಿ ಇನ್ನೊಂದು ದಾರದ ಜಾಲ ಕಾಣುತ್ತದೆ. ಕೆಲವೊಮ್ಮೆ ಅಂಟಿಸಿದ ತೆಳು ಬಟ್ಟೆಯೂ ಇರುತ್ತದೆ. ಧಾರವಾಡದ ಕಡೆ ಹೆಂಗಸರು ಮನೆಯಲ್ಲೇ ಹಾಕಿಕೊಡುತ್ತಾರೆ. ತುಳಸಿ ಕಟ್ಟೆ ದೊಡ್ಡದಾಗಿದ್ದರೆ ಜಾಸ್ತಿ ದಿನ ಹಿಡಿಯುತ್ತದೆ, ಅದನ್ನು ಸೆರಗಿನ ಹತ್ತಿರ ಹಾಕಿಸಿ. ಪಲ್ಲಕ್ಕಿ ಸಣ್ಣದಾಗಿ ಮೈಯಲ್ಲಿ ಬರಲಿ. ಕಪ್ಪಿನ ಮೇಲೆ ಎಳೆ ಎಣಿಸುವುದು ಕಣ್ಣಿಗೆ ಕಷ್ಟ, ಹಗಲಿನಲ್ಲಿ ಮಾತ್ರ ಕೂರುತ್ತಾರೆ. ಆದ್ದರಿಂದ ಅವರಿಗೆ ಅವಸರ ಮಾಡಬೇಡಿ, ಕೇಳಿದ ಕೂಲಿಯನ್ನು ಚೌಕಾಸಿ ಇಲ್ಲದೆ ಕೊಡಿ.